ಮೊದಲು ಜಾಬ್ ನಂಬರ್ ಕೇಳಿ: ವಾರ್ಡ್ ಸಮಿತಿಯಲ್ಲಿ ಕೂತು ಕಾಮಗಾರಿ ನೋಡಿದ ಅನುಭವ

ಬೆಂಗಳೂರಿನ ಯಾವುದೇ ಬೀದಿಯಲ್ಲಿ ಅಗೆತ ಶುರುವಾದರೆ ನಾನು ಮೊದಲು ಕೇಳುವುದು ಜಾಬ್ ನಂಬರ್, ಅಂದರೆ ಪ್ರತಿ ಕಾಮಗಾರಿಗೂ ಪಾಲಿಕೆ ಕೊಡುವ ಗುರುತಿನ ಸಂಖ್ಯೆ. ಯಾರು ಮಾಡಿಸುತ್ತಿದ್ದಾರೆ, ಎಷ್ಟು ದುಡ್ಡು, ಯಾವಾಗ ಮುಗಿಯುತ್ತದೆ ಎಂಬುದೆಲ್ಲ ಆಮೇಲೆ. ಆ ನಂಬರ್ ಒಂದು ಸಿಕ್ಕರೆ ಉಳಿದದ್ದು ಅದರ ಹಿಂದೆಯೇ ಬರುತ್ತದೆ. ಅದು ಕೈಯಲ್ಲಿಲ್ಲದೆ ಎಷ್ಟು ಕೂಗಾಡಿದರೂ ಯಾರೂ ಸರಿಯಾದ ಉತ್ತರ ಕೊಡಲು ಆಗುವುದಿಲ್ಲ. ಇದನ್ನು ನಾನು ಕಲಿತದ್ದು ನಮ್ಮ ವಾರ್ಡ್ ಸಮಿತಿಯ ಸದಸ್ಯೆಯಾಗಿದ್ದಾಗ.

ವಾರ್ಡ್ ಸಮಿತಿ ಅನ್ನೋದು ಯಾರೋ ದಯೆಯಿಂದ ಕೊಟ್ಟ ಸವಲತ್ತಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಲೇಬೇಕು ಎಂದು ಅದರ 243ಎಸ್ ವಿಧಿ ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಇದಕ್ಕೆ ವಿವರವಾದ ನಿಯಮಗಳು ಬಂದದ್ದು 2016ರಲ್ಲಿ. ಬೆಂಗಳೂರಿನ ಕಸದ ಸಮಸ್ಯೆ ಕುರಿತ ಮೊಕದ್ದಮೆಯಲ್ಲಿ ಹೈಕೋರ್ಟ್ ಪದೇ ಪದೇ ಕೇಳಿದ ಮೇಲೆ ಸಮಿತಿಗಳು ನಿಜಕ್ಕೂ ರಚನೆಯಾದವು. ಆಗಿನ ಸಮಿತಿಗೆ ಕಾರ್ಪೊರೇಟರ್ ಅಧ್ಯಕ್ಷರು. ಅವರ ಜೊತೆ ಹತ್ತು ಜನ ನಾಮನಿರ್ದೇಶಿತ ಸದಸ್ಯರು. ಅದರಲ್ಲಿ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ನಾನು ಸಂಘದ ಕಡೆಯಿಂದ ಹೋದವಳು. ನನ್ನ ವೃತ್ತಿ ಲೆಕ್ಕಪತ್ರ ನೋಡುವುದು. ಕಾಂಕ್ರೀಟ್ ಬಗ್ಗೆ ಆಗ ನನಗೇನೂ ಗೊತ್ತಿರಲಿಲ್ಲ. ಬಿಲ್ ಓದಲು ಮಾತ್ರ ಚೆನ್ನಾಗಿ ಬರುತ್ತಿತ್ತು.

ಆಗ ಬೆಂಗಳೂರಿನಲ್ಲಿ 198 ವಾರ್ಡ್‌ಗಳು. 2011ರ ಜನಗಣತಿ ಪ್ರಕಾರ ನಗರದ ಜನಸಂಖ್ಯೆ 84 ಲಕ್ಷ. ಅಂದರೆ ಒಂದು ವಾರ್ಡಿಗೆ ಸರಾಸರಿ 42 ಸಾವಿರಕ್ಕೂ ಹೆಚ್ಚು ಜನ. ಒಂದು ಸಣ್ಣ ಪಟ್ಟಣದಷ್ಟು. ಅಷ್ಟು ಜನರ ರಸ್ತೆ, ಚರಂಡಿ, ಫುಟ್‌ಪಾತ್, ಬೋರ್‌ವೆಲ್, ಪಾರ್ಕ್ ಎಲ್ಲವನ್ನೂ ನೋಡಿಕೊಳ್ಳಲು ಬೆರಳೆಣಿಕೆಯಷ್ಟು ಎಂಜಿನಿಯರುಗಳು. ಅವರಿಗೆ ಎಷ್ಟೇ ಮನಸ್ಸಿದ್ದರೂ ಎಲ್ಲ ಕೆಲಸದ ಮುಂದೆ ನಿಲ್ಲಲು ಆಗುವುದಿಲ್ಲ. ಆ ಜಾಗದಲ್ಲಿ ಇನ್ನಷ್ಟು ಕಣ್ಣುಗಳು ಬೇಕು. ಸಮಿತಿಯ ಕೆಲಸವನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ.

ಮೊದಮೊದಲು ಸಭೆಗಳಲ್ಲಿ ಕಸ, ಬೀದಿನಾಯಿ, ಕೆಟ್ಟ ಬೀದಿದೀಪ, ಇಷ್ಟೇ ಮಾತು. ಇವು ಸಣ್ಣ ವಿಷಯಗಳಲ್ಲ, ದಿನಾ ಕಾಡುವಂಥವು. ಆದರೆ ದೊಡ್ಡ ದುಡ್ಡು ಹೋಗುವುದು ಕಾಮಗಾರಿಗಳಿಗೆ. ಅದರ ಬಗ್ಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ, ಯಾಕೆಂದರೆ ಯಾವ ಕೆಲಸ ಮಂಜೂರಾಗಿದೆ ಎಂಬ ಪಟ್ಟಿ ನಮ್ಮಲ್ಲಿ ಯಾರ ಕೈಯಲ್ಲೂ ಇರಲಿಲ್ಲ. ಗುದ್ದಲಿ ಪೂಜೆಯ ದಿನವೇ ನಮಗೂ ಗೊತ್ತಾಗುತ್ತಿತ್ತು.

2018ರ ಕೊನೆಗೆ ಎಲ್ಲ ವಾರ್ಡ್‌ಗಳಲ್ಲೂ ತಿಂಗಳ ಮೊದಲ ಶನಿವಾರ ಸಭೆ ಎಂದು ನಿಗದಿಯಾಯಿತು. ಕೇಳಲು ಸಣ್ಣ ಬದಲಾವಣೆ. ನಮ್ಮ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಅದೇ. ದಿನ ಗೊತ್ತಿದ್ದರೆ ಜನ ಬರುತ್ತಾರೆ. ಎಂಜಿನಿಯರ್ ಕಳೆದ ತಿಂಗಳು ಏನು ಹೇಳಿದ್ದರು ಅಂತ ಕೇಳಬಹುದು. ನಡಾವಳಿ ಬರೆದಿಟ್ಟರೆ ಅದಕ್ಕೆ ಮುಂದಿನ ಶನಿವಾರ ಉತ್ತರ ಹೇಳಲೇಬೇಕಾಗುತ್ತದೆ. ಯಾವಾಗಲೋ ಒಮ್ಮೆ ಕರೆದ ಸಭೆಯಲ್ಲಿ ಎಷ್ಟು ಚೆನ್ನಾಗಿ ಮಾತಾಡಿದರೂ ಆ ಮಾತಿಗೆ ಮುಂದುವರಿಕೆ ಇರುವುದಿಲ್ಲ.

ಹೀಗೆ ದಿನ ನಿಗದಿಯಾದ ಮೇಲೆ ನಾವು ಕೇಳಿದ ಮೊದಲ ಕಾಗದ ಪಿ.ಓ.ಡಬ್ಲ್ಯು. ಅಂದರೆ ಆ ವರ್ಷ ವಾರ್ಡಿನಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿ. ಎಂಜಿನಿಯರ್ ಒಳ್ಳೆಯವರು, ತಂದುಕೊಟ್ಟರು. ಓದಿ ನೋಡಿದರೆ ಸಾಲು ಸಾಲಾಗಿ ಒಂದೇ ತರಹದ ಮಾತು. ಇಂಥ ಮುಖ್ಯರಸ್ತೆ ಮತ್ತು ಸುತ್ತಮುತ್ತಲಿನ ಪ್ರದೇಶಗಳಲ್ಲಿ ಚರಂಡಿ ಅಭಿವೃದ್ಧಿ. ಇಂಥ ಬಡಾವಣೆಯ ಆಯ್ದ ಅಡ್ಡರಸ್ತೆಗಳಲ್ಲಿ ಫುಟ್‌ಪಾತ್ ಸುಧಾರಣೆ.

ಈ ಸುತ್ತಮುತ್ತ ಅನ್ನುವ ಮಾತು ಇರುವ ತನಕ ಯಾರೂ ಏನೂ ನೋಡಲು ಆಗುವುದಿಲ್ಲ. ಎಲ್ಲಿಂದ ಎಲ್ಲಿಗೆ ಅಂತ ಗೊತ್ತಿಲ್ಲದ ಕೆಲಸವನ್ನು ಎಲ್ಲಿ ಹೋಗಿ ಅಳೆಯುವುದು? ಆ ರಸ್ತೆಯಲ್ಲಿ ಆಗಲಿಲ್ಲ ಎಂದರೆ ಪಕ್ಕದ ರಸ್ತೆಯಲ್ಲಿ ಆಗಿದೆ ಎನ್ನಬಹುದು. ಪಕ್ಕದ ರಸ್ತೆಯಲ್ಲಿ ಎರಡು ವರ್ಷದ ಹಿಂದೆ ಆದ ಕೆಲಸಕ್ಕೂ ಇದಕ್ಕೂ ಗೆರೆ ಎಳೆಯುವುದು ಹೇಗೆ? ಹಾಗಾಗಿ ಸಮಿತಿಯಲ್ಲಿ ಒಂದು ನಿರ್ಣಯ ಮಾಡಿಸಿದೆವು. ಪ್ರತಿ ಕೆಲಸಕ್ಕೂ ಶುರುವಿನ ಗುರುತು, ಕೊನೆಯ ಗುರುತು ಇರಬೇಕು. ಈ ಮೆಡಿಕಲ್ ಶಾಪ್ ಮುಂದಿನಿಂದ ಆ ಟ್ರಾನ್ಸ್‌ಫಾರ್ಮರ್ ತನಕ, ರಸ್ತೆಯ ಎಡಗಡೆ, ಇಷ್ಟು ಮೀಟರ್. ಅಧ್ಯಕ್ಷರು ಒಪ್ಪಿದರು. ಎಂಜಿನಿಯರಿಗೂ ಇದು ಬೇಕಾಗಿತ್ತು ಅಂತ ಆಮೇಲೆ ಗೊತ್ತಾಯಿತು. ಜಾಗ ಸ್ಪಷ್ಟ ಇಲ್ಲದಿದ್ದರೆ ಪ್ರತಿ ಬೀದಿಯವರೂ ನಮ್ಮಲ್ಲೂ ಮಾಡಿ ಅಂತ ಅವರ ಕೊರಳಿಗೇ ಬೀಳುತ್ತಾರೆ. ನಾನು ಸಮಿತಿಯಲ್ಲಿದ್ದಷ್ಟು ದಿನ ಆದ ಅತಿ ಉಪಯುಕ್ತ ಕೆಲಸ ಇದೇ ಅಂತ ಈಗಲೂ ನನ್ನ ಅಭಿಪ್ರಾಯ.

ಪಟ್ಟಿಯ ಪಕ್ಕದಲ್ಲೇ ಜಾಬ್ ನಂಬರ್ ಬರೆಸಿದೆವು. ಅದನ್ನು ಓದುವುದು ಸುಲಭ. ಮೊದಲ ಮೂರು ಅಂಕಿ ವಾರ್ಡಿನದ್ದು, ಆಮೇಲಿನ ಎರಡು ವರ್ಷದ್ದು, ಕೊನೆಯದು ಕ್ರಮಸಂಖ್ಯೆ. ಎಸ್ಟಿಮೇಟ್, ಟೆಂಡರ್, ಕಾರ್ಯಾದೇಶ, ಅಳತೆ, ಬಿಲ್ ಎಲ್ಲದರಲ್ಲೂ ಇದೇ ನಂಬರ್ ಬರುತ್ತದೆ. ನಮ್ಮ ಮನೆಯವರು ಸೇರಿ ಬೀದಿಯ ಎಷ್ಟೋ ಜನ ಆಗ ಅದನ್ನು ಮೊದಲ ಸಲ ನೋಡಿದ್ದು.

ನಾವು ಮೊದಲಿನಿಂದ ಕೊನೆಯ ತನಕ ಹಿಂಬಾಲಿಸಿದ ಕೆಲಸ ಒಂದು ಚರಂಡಿ. ಮಾರುಕಟ್ಟೆ ಕಡೆಗೆ ಹೋಗುವ ರಸ್ತೆ. ಹಳೆಯ ಸೈಜುಗಲ್ಲಿನ ಚರಂಡಿ ಕುಸಿದು ಹೋಗಿತ್ತು. ಅದನ್ನು ಒಡೆದು ಕಾಂಕ್ರೀಟ್ ಚರಂಡಿ ಕಟ್ಟಿ, ಮೇಲೆ ಸ್ಲ್ಯಾಬ್ ಮುಚ್ಚಿ ಫುಟ್‌ಪಾತ್ ಮಾಡುವುದು. ಮಳೆ ಬಂದರೆ ಅಲ್ಲಿ ನೀರು ಅಂಗಡಿಗಳ ಒಳಗೆ ನುಗ್ಗುತ್ತಿತ್ತು. ಹಾಗಾಗಿ ಎಲ್ಲರಿಗೂ ಆ ಕೆಲಸ ಬೇಕಾಗಿತ್ತು.

ಎಸ್ಟಿಮೇಟ್ ಪ್ರತಿ ಕೇಳಿದೆ. ಸಭೆಯಲ್ಲಿ ಕೇಳಿದ್ದರಿಂದ ಸುಲಭವಾಗಿ ಸಿಕ್ಕಿತು. ಸಿಗದಿದ್ದರೂ ದಾರಿ ಇದೆ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕೊಟ್ಟು ಅರ್ಜಿ ಹಾಕಬಹುದು. ಪುಟಕ್ಕೆ 2 ರೂಪಾಯಿ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಇಲ್ಲೇ ಜಾಬ್ ನಂಬರ್ ಬೆಲೆ ಗೊತ್ತಾಗುವುದು. ಅದನ್ನು ಹಾಕಿದರೆ ಅರ್ಜಿ ಎರಡು ಸಾಲಿನಲ್ಲಿ ಮುಗಿಯುತ್ತದೆ, ತಿರಸ್ಕರಿಸಲು ನೆಪ ಸಿಗುವುದಿಲ್ಲ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಅದೇ 2005ರ ಕಾಯ್ದೆಯ 2(ಜೆ) ಕಲಂ ಕಾಗದ ಕೇಳುವ ಹಕ್ಕನ್ನಷ್ಟೇ ಕೊಟ್ಟಿಲ್ಲ. ಕಾಮಗಾರಿಯನ್ನೇ ಪರಿಶೀಲಿಸುವ ಹಕ್ಕು, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ ಅದರಲ್ಲಿದೆ. ಸಾಮಾನ್ಯ ನಾಗರಿಕರಿಗೆ ಕಾನೂನು ಇಷ್ಟು ದೊಡ್ಡ ಅಧಿಕಾರ ಕೊಟ್ಟಿರುವುದು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು.

ಎಸ್ಟಿಮೇಟ್ ಅಂದರೆ ಹೆದರಬೇಕಿಲ್ಲ. ಮದುವೆಯ ಅಡುಗೆಗೆ ಬರೆದ ಸಾಮಾನಿನ ಚೀಟಿ ಇದ್ದ ಹಾಗೆ, ಏನು ಬೇಕು, ಎಷ್ಟು ಬೇಕು, ದರ ಎಷ್ಟು. ಹಳೆಯ ಕಲ್ಲು ಒಡೆಯುವುದು ಇಷ್ಟು ಘನ ಮೀಟರ್. ಮಣ್ಣು ಅಗೆಯುವುದು ಇಷ್ಟು. ತಳಕ್ಕೆ ಸಾದಾ ಕಾಂಕ್ರೀಟ್ ಹಾಸು. ಅದರ ಮೇಲೆ ಕಂಬಿ ಕಟ್ಟಿದ ಕಾಂಕ್ರೀಟ್. ಕಂಬಿ ಇಷ್ಟು ಕ್ವಿಂಟಾಲ್. ಶಟರಿಂಗ್ ಇಷ್ಟು ಚದರ ಮೀಟರ್. ಒಡೆದ ಕಲ್ಲುಮಣ್ಣು ಸಾಗಿಸಲು ಇಷ್ಟು. ಪ್ರತಿ ಸಾಲಿಗೂ ಉದ್ದ, ಅಗಲ, ಆಳ ಕೊಟ್ಟಿರುತ್ತಾರೆ. ಕಷ್ಟ ಒಂದೇ, ಪೂರ್ತಿ ಇಂಗ್ಲಿಷಿನಲ್ಲಿರುತ್ತದೆ, ಒಂದೊಂದು ಸಾಲೂ ಅರ್ಧ ಪುಟ ಉದ್ದ. ಬೀದಿಯ ಅಂಗಡಿಯವರಿಗೆ, ಹೂ ಮಾರುವವರಿಗೆ, ಕೆಲಸ ಮಾಡುವ ಮೇಸ್ತ್ರಿಗೇ ಅದು ಅರ್ಥವಾಗುವುದಿಲ್ಲ. ಯಾರ ದುಡ್ಡಿನಲ್ಲಿ, ಯಾರ ಬೀದಿಯಲ್ಲಿ ಕೆಲಸ ನಡೆಯುತ್ತಿದೆಯೋ ಅವರಿಗೇ ಅರ್ಥವಾಗದ ಭಾಷೆಯಲ್ಲಿ ಕಾಗದ ಇರುವುದು ಸರಿಯಲ್ಲ ಅಲ್ವಾ? ನಾನು ಮತ್ತು ಸಮಿತಿಯ ಇನ್ನೊಬ್ಬರು ಸೇರಿ ಅದನ್ನು ಒಂದೇ ಪುಟದ ಕನ್ನಡ ಪಟ್ಟಿ ಮಾಡಿದೆವು. ಎಂಜಿನಿಯರ್ ತಿದ್ದಿಕೊಟ್ಟರು. ಬೇಕರಿಯ ಗೋಡೆ, ದೇವಸ್ಥಾನದ ಬಾಗಿಲು, ಆಟೋ ಸ್ಟ್ಯಾಂಡ್‌ನಲ್ಲಿ ಅಂಟಿಸಿದೆವು.

ಅದರ ಪರಿಣಾಮ ಬೇಗ ಕಂಡಿತು. ಚರಂಡಿಯ ಗೋಡೆ ಎಷ್ಟು ದಪ್ಪ ಇರಬೇಕು ಎಂಬುದು ಆಟೋ ಚಾಲಕರಿಗೆ ಬಾಯಿಪಾಠವಾಗಿತ್ತು. ಟೇಪು ಹಿಡಿದು ಅಳೆದು ಫೋಟೊ ಕಳಿಸುತ್ತಿದ್ದರು. ಬೇಕರಿಯವರು ಸಿಮೆಂಟ್ ಚೀಲ ಎಷ್ಟು ಬಂತು ಅಂತ ಬರೆದಿಡುತ್ತಿದ್ದರು. ಯಾರೂ ಜಗಳ ಮಾಡಲಿಲ್ಲ. ಸುಮ್ನೆ ನೋಡುತ್ತಿದ್ದರು, ಅಷ್ಟೇ. ಇಷ್ಟು ಜನ ನೋಡುತ್ತಿದ್ದಾರೆ ಎಂದು ಗೊತ್ತಾದ ಮೇಲೆ ಕೆಲಸದ ರೀತಿಯೇ ಬದಲಾಯಿತು.

ಕಾಂಕ್ರೀಟ್ ವಿಷಯದಲ್ಲಿ ನಾನು ಓದಿ ತಿಳಿದುಕೊಂಡ ಒಂದೆರಡು ಸಂಗತಿ ಹೇಳಬೇಕು. ಎಂ20 ಕಾಂಕ್ರೀಟ್ ಎಂದು ಎಸ್ಟಿಮೇಟಿನಲ್ಲಿ ಬರೆದಿದ್ದರೆ, ಅದೇ ಕಾಂಕ್ರೀಟಿನಿಂದ 150 ಮಿ.ಮೀ. ಘನಾಕಾರದ ತುಂಡುಗಳನ್ನು ಮಾಡಿ 28 ದಿನದ ನಂತರ ಒತ್ತಿ ನೋಡಿದಾಗ ಚದರ ಮಿಲಿಮೀಟರಿಗೆ 20 ನ್ಯೂಟನ್ ತಡೆಯಬೇಕು. 7 ದಿನಕ್ಕೇ ಸುಮಾರು ಮೂರನೇ ಎರಡರಷ್ಟು ಬಲ ಬಂದಿರಬೇಕು. ಈ ತುಂಡುಗಳನ್ನು ಸ್ಥಳದಲ್ಲೇ, ಎಲ್ಲರ ಮುಂದೆ, ಗುರುತು ಹಾಕಿ ಮಾಡಬೇಕು. ಕ್ಯೂರಿಂಗ್ ಇನ್ನೂ ಮುಖ್ಯ. ಸಾದಾ ಸಿಮೆಂಟ್ ಆದರೆ ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ ಸಿಮೆಂಟ್ ಆದರೆ ಕನಿಷ್ಠ 10 ದಿನ ಒದ್ದೆಯಾಗಿಟ್ಟಿರಬೇಕು ಎಂದು ಭಾರತೀಯ ಮಾನಕ 456 ಹೇಳುತ್ತದೆ. ಈಗ ಮಾರುಕಟ್ಟೆಯಲ್ಲಿ ಜಾಸ್ತಿ ಬರುವುದು ಬೆರೆಸಿದ ಸಿಮೆಂಟೇ. ಚೀಲದ ಮೇಲೆ ಪಿ.ಪಿ.ಸಿ. ಅಂತ ಇರುತ್ತದೆ.

ನಮ್ಮ ಚರಂಡಿಗೆ ಎರಡು ದಿನ ನೀರು ಹಾಕಿ ನಿಲ್ಲಿಸಿಬಿಟ್ಟಿದ್ದರು. ಬೇಸಿಗೆಯ ಬಿಸಿಲು. ಗೋಡೆಗಳಲ್ಲಿ ಕೂದಲೆಳೆಯಂಥ ಬಿರುಕು ಕಾಣತೊಡಗಿತು. ಕೇಳಿದರೆ ಟ್ಯಾಂಕರ್ ಬರಲಿಲ್ಲ ಎಂದು ಗುತ್ತಿಗೆದಾರರ ಕಡೆಯವರ ಉತ್ತರ. ಎಂಜಿನಿಯರಿಗೆ ಫೋಟೊ ಕಳಿಸಿದೆ. ಅವರು ಬಂದು ನೋಡಿ, ಗೋಣಿಚೀಲ ಹೊದಿಸಿ ಮತ್ತೆ ನೀರು ಹಾಕಿಸಿದರು. ಮುಂದಿನ ಭಾಗ ಕಟ್ಟುವಾಗ ಟ್ಯಾಂಕರ್ ಬಂದು ನಿಂತ ಮೇಲೇ ಕಾಂಕ್ರೀಟ್ ಹಾಕಬೇಕು ಎಂದು ಬರೆದುಕೊಟ್ಟರು.

ಆದರೆ ದೊಡ್ಡ ಸಮಸ್ಯೆ ಬೇರೆಯೇ ಇತ್ತು. ಅದನ್ನು ಹಿಡಿದದ್ದು ನಾನಲ್ಲ, ಎಂಜಿನಿಯರೂ ಅಲ್ಲ. ಆ ಬೀದಿಯನ್ನು ವರ್ಷಗಟ್ಟಲೆ ಗುಡಿಸಿದ ಒಬ್ಬ ಪೌರಕಾರ್ಮಿಕ ಮಹಿಳೆ. ಪರಿಶಿಷ್ಟ ಜಾತಿ ಪ್ರತಿನಿಧಿಯಾಗಿ ಸಮಿತಿಯಲ್ಲಿದ್ದ ಸದಸ್ಯರು ಅವರನ್ನು ಒಂದು ಶನಿವಾರ ಸಭೆಗೆ ಕರೆದುಕೊಂಡು ಬಂದರು. ಅವರು ಹೇಳಿದ್ದು ಇಷ್ಟು. ಹೊಸ ಚರಂಡಿ ಎಷ್ಟು ಚೆನ್ನಾಗಿ ಕಟ್ಟಿದರೂ ನೀರು ಹೋಗುವುದಿಲ್ಲ. ಕೊನೆಯಲ್ಲಿ ರಸ್ತೆ ದಾಟುವ ಮೋರಿ ಇದೆಯಲ್ಲ, ಅದರ ತಳ ಎತ್ತರದಲ್ಲಿದೆ. ಪ್ರತಿ ಮಳೆಗಾಲ ಅಲ್ಲಿಂದ ನೀರು ಹಿಂದಕ್ಕೆ ಬರುತ್ತದೆ. ಹೂಳು ನಿಲ್ಲುವುದೂ ಅಲ್ಲೇ.

ಎಂಜಿನಿಯರ್ ತಕ್ಷಣ ನಂಬಲಿಲ್ಲ. ಆದರೆ ತಳ್ಳಿಹಾಕಲೂ ಇಲ್ಲ. ಅದೇ ವಾರ ಲೆವೆಲ್ ಯಂತ್ರ ತಂದು ಉದ್ದಕ್ಕೂ ಅಳೆದರು. ಆ ಹೆಂಗಸು ಹೇಳಿದ್ದು ಅಕ್ಷರಶಃ ನಿಜ. ಚರಂಡಿಯ ತಳ ಮೋರಿಯ ತಳಕ್ಕಿಂತ ಕೆಳಗೆ ಇಳಿಯುತ್ತಿತ್ತು. ನೀರು ಹತ್ತಿ ಹೋಗಬೇಕಿತ್ತು. ಎಸ್ಟಿಮೇಟಿನಲ್ಲಿ ಮೋರಿಯ ಕೆಲಸ ಇರಲೇ ಇಲ್ಲ. ರಸ್ತೆಯ ಇಕ್ಕೆಲದ ಚರಂಡಿ ಮಾತ್ರ ಅಳತೆಗೆ ಬಂದಿತ್ತು. ರಾಜಕಾಲುವೆಗೆ, ಅಂದರೆ ಮಳೆನೀರಿನ ದೊಡ್ಡ ಕಾಲುವೆಗೆ, ಅದು ಹೇಗೆ ಸೇರುತ್ತದೆ ಎಂಬುದನ್ನು ಯಾರೂ ನೋಡಿರಲಿಲ್ಲ.

ಅಲ್ಲಿಂದ ಮುಂದೆ ಬಹಳ ಚರ್ಚೆಯಾಯಿತು. ಕೆಲಸ ನಿಲ್ಲಿಸಿದರೆ ಮಳೆಗಾಲಕ್ಕೆ ಬೀದಿ ಅಗೆದ ಸ್ಥಿತಿಯಲ್ಲೇ ಇರುತ್ತದೆ, ಅಂಗಡಿಯವರು ಒಪ್ಪುವುದಿಲ್ಲ. ಮುಂದುವರಿಸಿದರೆ ಉಪಯೋಗವಿಲ್ಲದ ಚರಂಡಿ. ಸಭೆಯಲ್ಲಿ ಮಾತು ಬಿಸಿಯಾಯಿತು. ಕೊನೆಗೆ ಅಧ್ಯಕ್ಷರು ಒಂದು ದಾರಿ ಹೇಳಿದರು. ಮೇಲ್ಭಾಗದ ಚರಂಡಿ ಮುಂದುವರಿಯಲಿ. ಮೋರಿಯ ಹತ್ತಿರದ ಭಾಗ ತಡೆಹಿಡಿದು, ಫುಟ್‌ಪಾತಿನ ಅಂದದ ಟೈಲ್ಸ್‌ಗೆ ಇಟ್ಟ ಮೊತ್ತವನ್ನು ಮೋರಿಗೆ ಬದಲಾಯಿಸಲು ಮೇಲಿನವರಿಗೆ ಬರೆಯೋಣ. ಸಮಿತಿ ಒಮ್ಮತದಿಂದ ಒಪ್ಪಿತು. ಬದಲಾದ ಎಸ್ಟಿಮೇಟಿಗೆ ಮಂಜೂರಾತಿ ಬರಲು ತಡವಾಯಿತು. ಆ ಮಳೆಗಾಲದ ಮೊದಲ ಭಾಗ ಅಂಗಡಿಯವರು ಹಲಗೆ ಇಟ್ಟುಕೊಂಡು ವ್ಯಾಪಾರ ಮಾಡಿದರು. ಅವರ ತಾಳ್ಮೆಗೆ ನಾನು ಇಂದಿಗೂ ಋಣಿ. ಮೋರಿ ಒಡೆದು ತಳ ಇಳಿಸಿದ ಮೇಲೆ ಬಂದ ದೊಡ್ಡ ಮಳೆಯಲ್ಲಿ ಅಂಗಡಿಯೊಳಗೆ ನೀರು ಬರಲಿಲ್ಲ. ಟೈಲ್ಸ್ ಬರಲಿಲ್ಲ ಅಂತ ಯಾರೂ ಕೇಳಲೂ ಇಲ್ಲ.

ಈ ಅನುಭವದಿಂದ ನನ್ನ ಒಂದು ನಂಬಿಕೆ ಗಟ್ಟಿಯಾಯಿತು. ಸಮಿತಿ ನಿಜವಾಗಿ ಉಪಯೋಗಕ್ಕೆ ಬರುವುದು ಕೆಲಸ ಶುರುವಾಗುವ ಮೊದಲು. ಕಾಂಕ್ರೀಟ್ ಹಾಕಿದ ಮೇಲೆ ತಳದ ಮಟ್ಟವನ್ನು ಯಾರೂ ಬದಲಾಯಿಸಲು ಆಗುವುದಿಲ್ಲ. ಡಾಂಬರು ಹಾಸಿದ ಮೇಲೆ ಕೆಳಗಿನ ಪದರ ಎಷ್ಟು ದಪ್ಪ ಇತ್ತು ಅಂತ ಕೊರೆದೇ ನೋಡಬೇಕು. ಎಸ್ಟಿಮೇಟ್ ತಯಾರಾಗುವ ಹಂತದಲ್ಲೇ ಆ ಬೀದಿಯಲ್ಲಿ ಬದುಕುವವರನ್ನು ಕೇಳಿದ್ದರೆ ಮೋರಿಯ ವಿಷಯ ಮೊದಲ ದಿನವೇ ತಿಳಿಯುತ್ತಿತ್ತು.

ಚರಂಡಿ ಮುಗಿದು ಸ್ಲ್ಯಾಬ್ ಮುಚ್ಚಿದ ಸ್ವಲ್ಪ ದಿನಕ್ಕೆ ಇನ್ನೊಂದು ಕಷ್ಟ ಬಂತು. ಒಂದು ಕೇಬಲ್ ಸಂಸ್ಥೆಯವರು ರಾತ್ರಿ ಬಂದು ಫುಟ್‌ಪಾತಿನ ಅಂಚನ್ನು ಉದ್ದಕ್ಕೂ ಕೊಯ್ದು ಕೊಳವೆ ಹಾಕಿ, ಮಣ್ಣು ಮುಚ್ಚಿ ಹೋಗಿಬಿಟ್ಟರು. ಬೆಳಿಗ್ಗೆ ನೋಡಿ ಹೊಟ್ಟೆ ಉರಿಯಿತು. ಇಷ್ಟು ಜನ ಬಿಸಿಲಲ್ಲಿ ನಿಂತು ಮಾಡಿಸಿದ ಕೆಲಸ ಅದು. ರಸ್ತೆ ಕತ್ತರಿಸಲು ಅನುಮತಿ ಬೇಕು, ಮೊದಲಿನ ಹಾಗೆ ಸರಿಮಾಡುವ ಖರ್ಚು ಕಟ್ಟಬೇಕು ಎಂಬ ನಿಯಮ ಇದೆ. ಅನುಮತಿ ಪತ್ರ ತೋರಿಸಿ ಎಂದು ಸಮಿತಿಯಿಂದ ಬರೆದೆವು. ಪತ್ರ ವ್ಯವಹಾರ ಎಳೆಯಿತು. ಕೊನೆಗೆ ಅವರೇ ಬಂದು ಕಾಂಕ್ರೀಟ್ ಹಾಕಿ ಸರಿಮಾಡಿದರು. ಆದರೆ ತೇಪೆ ತೇಪೆಯೇ.

ನಗರದ ನಡುವೆ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಟೆಂಡರ್‌ಶ್ಯೂರ್ ಎಂಬ ರಸ್ತೆ ಸುಧಾರಣೆ ಯೋಜನೆಯಡಿ ಫುಟ್‌ಪಾತಿನ ಕೆಳಗೇ ಕೇಬಲ್, ಕೊಳವೆಗಳಿಗೆ ದಾರಿ ಬಿಟ್ಟಿದ್ದಾರೆ. ಮತ್ತೆ ಅಗೆಯುವ ಅಗತ್ಯ ಬರಬಾರದು ಎಂಬುದು ಅದರ ಲೆಕ್ಕಾಚಾರ. ಅದಕ್ಕೆ ದುಡ್ಡು ಜಾಸ್ತಿ ಬೇಕು, ನಿಜ. ಆದರೆ ವಾರ್ಡಿನ ಸಣ್ಣ ರಸ್ತೆಯಲ್ಲೂ ಚರಂಡಿ ಕಟ್ಟುವಾಗ ಪಕ್ಕದಲ್ಲೊಂದು ಖಾಲಿ ಕೊಳವೆ ಹೂತುಬಿಟ್ಟರೆ ಎಷ್ಟೋ ಅಗೆತ ತಪ್ಪುತ್ತದೆ. ಇದನ್ನು ನಮ್ಮ ನಡಾವಳಿಯಲ್ಲಿ ಬರೆಸಿದೆವು. ಆಮೇಲಿನ ಕೆಲಸಗಳಿಗೆ ಮೊದಲೇ ನೀರು, ಒಳಚರಂಡಿ, ವಿದ್ಯುತ್ ಕಡೆಯವರನ್ನು ಶನಿವಾರದ ಸಭೆಗೆ ಕರೆಯುವುದು ರೂಢಿಯಾಯಿತು. ಎಲ್ಲರೂ ಪ್ರತಿ ಸಲ ಬರಲಿಲ್ಲ. ಬಂದಾಗ ಮಾತ್ರ ಪ್ರಯೋಜನ ಕಂಡಿತು.

ಕೊನೆಯ ಹಂತ ಅಳತೆ ಪುಸ್ತಕ. ಎಲ್ಲರೂ ಎಂ.ಬಿ. ಅನ್ನುತ್ತಾರೆ. ಎಂಜಿನಿಯರ್ ಸ್ಥಳದಲ್ಲಿ ಅಳೆದು ಉದ್ದ, ಅಗಲ, ಆಳ ಬರೆಯುತ್ತಾರೆ. ಮೇಲಿನವರು ಪರಿಶೀಲಿಸುತ್ತಾರೆ. ಅದರ ಮೇಲೆ ಬಿಲ್ ಆಗುತ್ತದೆ. ನನ್ನ ವೃತ್ತಿ ಅನುಭವ ಇಲ್ಲಿ ಕೈಹಿಡಿಯಿತು. ಎಸ್ಟಿಮೇಟಿನ ಸಾಲುಗಳ ಪಕ್ಕದಲ್ಲಿ ಎಂ.ಬಿ.ಯ ಸಾಲುಗಳನ್ನು ಬರೆದು, ಅದರ ಪಕ್ಕದಲ್ಲಿ ನಮ್ಮ ಫೋಟೊಗಳ ದಿನಾಂಕ ಹಾಕಿ ಒಂದು ಪಟ್ಟಿ ಮಾಡಿದೆ. ಒಡೆದ ಕಲ್ಲುಮಣ್ಣು ಇನ್ನೂ ಪಾರ್ಕಿನ ಗೋಡೆ ಪಕ್ಕ ರಾಶಿ ಬಿದ್ದಿತ್ತು. ಸಾಗಿಸುವ ಸಾಲನ್ನು ಎಂ.ಬಿ.ಯಲ್ಲಿ ಬರೆಯುವ ಮೊದಲು ಆ ರಾಶಿ ಹೋಗಬೇಕು ಎಂದು ಎಂಜಿನಿಯರಿಗೆ ಹೇಳಿದೆವು. ಅವರೂ ಹಾಗೇ ಮಾಡಿದರು. ಮಣ್ಣು ಹೋದ ಮೇಲೇ ಆ ಸಾಲು ಭರ್ತಿಯಾಯಿತು. ಬೆಂಗಳೂರಿನ ತುಂಬಾ ಫುಟ್‌ಪಾತಿನ ಮೇಲೆ ತಿಂಗಳುಗಟ್ಟಲೆ ಬಿದ್ದಿರುವ ಕಲ್ಲುಮಣ್ಣಿನ ರಾಶಿಗಳನ್ನು ನೀವೂ ನೋಡಿರುತ್ತೀರಿ. ನಿಮ್ಮ ಬೀದಿಯ ಕೆಲಸದ ಎಸ್ಟಿಮೇಟ್ ತೆಗೆದು ನೋಡಿ. ಅದನ್ನು ಸಾಗಿಸಲು ದುಡ್ಡು ಇಟ್ಟಿದ್ದಾರಾ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ಇಷ್ಟೆಲ್ಲ ಮಾಡುವಾಗ ಎಂಜಿನಿಯರನ್ನು ಕಳ್ಳನ ಹಾಗೆ ನೋಡಬಾರದು. ನಮ್ಮ ಸಮಿತಿಯಲ್ಲೂ ಕೆಲವರು ಮೊದಲಿನಿಂದಲೇ ದನಿ ಏರಿಸುತ್ತಿದ್ದರು. ಆಗ ಎಂಜಿನಿಯರ್ ಮೌನವಾಗುತ್ತಿದ್ದರು, ಕಾಗದ ಬರುವುದು ನಿಲ್ಲುತ್ತಿತ್ತು. ಮರ್ಯಾದೆಯಿಂದ, ನಿರ್ದಿಷ್ಟವಾಗಿ, ಬರವಣಿಗೆಯಲ್ಲಿ ಕೇಳಿದಾಗ ಅವರೇ ನಮ್ಮ ಬೆನ್ನಿಗೆ ನಿಂತರು. ಗುತ್ತಿಗೆದಾರರ ಮುಂದೆ ಅವರಿಗೂ ಒಂದು ಬಲ ಬೇಕಾಗಿರುತ್ತದೆ. ಸಮಿತಿ ಕೇಳುತ್ತಿದೆ, ನಾನು ಬಿಡಲು ಆಗಲ್ಲ ಎಂದು ಅವರು ಹೇಳಬಹುದು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

2020-21ರ ಸಾಲಿಗೆ ಪ್ರತಿ ವಾರ್ಡಿಗೆ 60 ಲಕ್ಷ ರೂಪಾಯಿಯ ಕೆಲಸವನ್ನು ವಾರ್ಡ್ ಸಮಿತಿಯೇ ಆರಿಸಬೇಕು ಎಂದಾಯಿತು. ರಸ್ತೆಗುಂಡಿಗೆ 20 ಲಕ್ಷ, ಫುಟ್‌ಪಾತಿಗೆ 20 ಲಕ್ಷ, ಬೋರ್‌ವೆಲ್‌ಗೆ 20 ಲಕ್ಷ. ನಗರದ ಒಟ್ಟು ಬಜೆಟ್ ಮುಂದೆ ಇದು ಸಣ್ಣ ಮೊತ್ತ. ಆದರೂ ಮೊದಲ ಸಲ ನಾವು ದುಡ್ಡು ಎಲ್ಲಿಗೆ ಹೋಗಬೇಕು ಎಂದು ಕೂತು ತೀರ್ಮಾನಿಸಿದೆವು. ಫುಟ್‌ಪಾತಿನ 20 ಲಕ್ಷಕ್ಕೆ ಎಲ್ಲ ಬಡಾವಣೆಯವರೂ ಬೇಡಿಕೆ ಇಟ್ಟರು. ಹಂಚಿಬಿಡೋಣ, ಎಲ್ಲರಿಗೂ ಸ್ವಲ್ಪ ಸ್ವಲ್ಪ ಎಂದು ಕೆಲವರ ಮಾತು. ನಾನು ಒಪ್ಪಲಿಲ್ಲ. ಹಂಚಿದರೆ ಎಲ್ಲೂ ಪೂರ್ತಿ ನಡೆಯಲು ಆಗದ ತುಂಡುಗಳು ಮಾತ್ರ ಉಳಿಯುತ್ತವೆ. ಸರ್ಕಾರಿ ಶಾಲೆಗೆ ಬಸ್ ಸ್ಟಾಪಿನಿಂದ ಮಕ್ಕಳು ನಡೆದು ಬರುವ ದಾರಿ ಒಂದನ್ನೇ ಪೂರ್ತಿ ಮಾಡೋಣ ಎಂದು ವಾದಿಸಿದೆ. ವಸತಿ ಪ್ರದೇಶದಲ್ಲಿ ಅಡ್ಡಿ ಇಲ್ಲದ 1.8 ಮೀಟರ್ ಅಗಲ ಇರಬೇಕು, ರಸ್ತೆಯಿಂದ 150 ಮಿ.ಮೀ.ಗಿಂತ ಎತ್ತರ ಇರಬಾರದು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ ಹೇಳುತ್ತದೆ. ಮೊಣಕಾಲು ಎತ್ತರದ ಫುಟ್‌ಪಾತ್ ಕಟ್ಟಿದರೆ ವಯಸ್ಸಾದವರು ರಸ್ತೆಯಲ್ಲೇ ನಡೆಯುತ್ತಾರೆ. ಅಂಥ ಫುಟ್‌ಪಾತ್ ಯಾರಿಗೆ?

ಮತಕ್ಕೆ ಹಾಕಿದಾಗ ಶಾಲೆಯ ದಾರಿ ಗೆದ್ದಿತು. ಆ ಸಂಜೆ ಎಷ್ಟು ಖುಷಿಯಾಯಿತು ಎಂದು ಹೇಳಲಾರೆ. ಅಷ್ಟರಲ್ಲಿ ಕೋವಿಡ್ ಬಂತು. ಲಾಕ್‌ಡೌನ್. ಸಭೆಗಳು ನಿಂತವು. ಕೂಲಿಯವರು ಊರಿಗೆ ಹೋದರು. ಸೆಪ್ಟೆಂಬರ್ 2020ಕ್ಕೆ ಪಾಲಿಕೆಯ ಚುನಾಯಿತ ಸದಸ್ಯರ ಅವಧಿಯೂ ಮುಗಿಯಿತು. ಶಾಲೆಯ ದಾರಿಯ ಒಂದು ಭಾಗ ಆಗಿದೆ, ಇನ್ನೊಂದು ಭಾಗ ಆಗಿಲ್ಲ.

ಕಾರ್ಪೊರೇಟರ್ ಇಲ್ಲದ ಮೇಲೆ ವಾರ್ಡಿಗೊಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಿ ಸಭೆ ಮುಂದುವರಿಸಲು ಹೇಳಿದರು. ನಾನು ಹೋಗುತ್ತಿದ್ದೆ. ಅಧಿಕಾರಿಗಳು ಸೌಜನ್ಯದಿಂದ ಕೇಳಿಸಿಕೊಳ್ಳುತ್ತಿದ್ದರು. ಆದರೆ ಮತ ಕೇಳಲು ಮತ್ತೆ ಬೀದಿಗೆ ಬರಬೇಕಾದವರು ಆ ಕುರ್ಚಿಯಲ್ಲಿ ಇಲ್ಲದಿದ್ದರೆ ಸಭೆಯ ಬಿಗಿ ಕಡಿಮೆಯಾಗುತ್ತದೆ. ಜನ ಬರುವುದೂ ಕಡಿಮೆಯಾಯಿತು. ಚುನಾಯಿತ ಪ್ರತಿನಿಧಿ ಇಲ್ಲದ ಆ ವರ್ಷಗಳಲ್ಲಿ ವಾರ್ಡ್ ಮಟ್ಟದ ಮೇಲ್ವಿಚಾರಣೆಗೆ ಆದ ನಷ್ಟವನ್ನು ಯಾವ ಲೆಕ್ಕದಲ್ಲೂ ಬರೆಯಲು ಆಗುವುದಿಲ್ಲ.

ಈಗ ವ್ಯವಸ್ಥೆಯೇ ಬದಲಾಗಿದೆ. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಸೆಪ್ಟೆಂಬರಿನಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳಾದವು. ಒಟ್ಟು 369 ವಾರ್ಡ್‌ಗಳು. ನಮ್ಮ ಹಳೆಯ ವಾರ್ಡ್ ಒಡೆದಿದೆ. ಆ ಮೋರಿ ಒಂದು ಕಡೆ, ಶಾಲೆ ಇನ್ನೊಂದು ಕಡೆ ಬಂದಿದೆ. ವಾರ್ಡ್ ಚಿಕ್ಕದಾದದ್ದು ಒಳ್ಳೆಯದೇ. ಕಡಿಮೆ ರಸ್ತೆ, ಹೆಚ್ಚು ಗಮನ. ಹೊಸ ವಾರ್ಡ್ ಸಮಿತಿಗೆ ಅರ್ಜಿ ಹಾಕುವಂತೆ ಬೀದಿಯ ಇಬ್ಬರು ಹುಡುಗಿಯರಿಗೆ ಹೇಳಿದ್ದೇನೆ. ಒಬ್ಬಳು ಸಿವಿಲ್ ಎಂಜಿನಿಯರಿಂಗ್ ಓದಿದವಳು. ಇನ್ನೊಬ್ಬಳು ಆ ಬೇಕರಿಯವರ ಮಗಳು.

ಸಮಿತಿಗೆ ಯಾರೇ ಬಂದರೂ ಅವರ ಮುಂದೆ ಇಡಲು ನಾವು ಮೂವರು ಹಳೆಯ ಸದಸ್ಯರು ಸೇರಿ ಒಂದು ಮನವಿ ಬರೆದಿದ್ದೇವೆ. ಒಂದು ಕಾಮಗಾರಿಯ ಎಸ್ಟಿಮೇಟ್ ಅಂತಿಮವಾಗುವ ಮೊದಲು ಆ ಬೀದಿಯಲ್ಲೇ ಒಂದು ಸಭೆ ಆಗಬೇಕು, ಪೌರಕಾರ್ಮಿಕರನ್ನು ಅದಕ್ಕೆ ಕರೆಯಲೇಬೇಕು. ಎಸ್ಟಿಮೇಟಿನ ಒಂದು ಪುಟದ ಕನ್ನಡ ಸಾರಾಂಶ, ಜಾಬ್ ನಂಬರ್ ಸಮೇತ, ಗುದ್ದಲಿ ಪೂಜೆಗೆ ಮೊದಲೇ ಸ್ಥಳದಲ್ಲಿ ಹಾಕಬೇಕು. ಅಳತೆ ಬರೆಯುವ ದಿನ ಸಮಿತಿಯ ಒಬ್ಬರಾದರೂ ಅಲ್ಲಿರಬೇಕು. ಮನವಿಯ ಜೊತೆಗೆ ಹಳೆಯ ನಡಾವಳಿಗಳು, ಮೋರಿಯ ಲೆವೆಲ್ ಲೆಕ್ಕ, ಶಾಲೆಯ ದಾರಿಯ ಬಾಕಿ ಭಾಗದ ನಕ್ಷೆ ಎಲ್ಲದರ ಪ್ರತಿ ಲಗತ್ತಿಸಿದ್ದೇವೆ. ಎರಡೂ ಹೊಸ ವಾರ್ಡ್‌ಗಳಿಗೆ ಒಂದೊಂದು ಪ್ರತಿ.